ಅದು ಎಂಜಲಲ್ಲ, ತಂಗಳು

ಅಮೆರಿಕಕ್ಕೆ ಬಂದು ತಿಂಗಳಾಯಿತು, ಹೋಟೆಲಲ್ಲಿ ಉಳಿದದ್ದನ್ನು ಕಟ್ಟಿಸಿಕೊಂಡು ಬರೋಕೆ ನಾಚಿಕೆ, ಭಾನುವಾರದ ಅಡುಗೆಯನ್ನು ವಾರವಿಡೀ ತಿನ್ನೋಕೆ ಅಸಹ್ಯ ಅಂತ ಬರೆದಿದ್ದೀರಿ.

ನಾಚಿಕೆ ಮೊದಲು ಬಿಡಿ. ಇಲ್ಲಿ ಒಂದು ಪ್ಲೇಟ್ ಅಂದರೆ ಎಷ್ಟೋ ಸಲ ಇಬ್ಬರ ಊಟ. ‘ಬಾಕ್ಸ್’ ಅಂದರೆ ಸಾಕು, ಖಾಲಿ ಡಬ್ಬಿ ತಂದಿಡುತ್ತಾರೆ, ತುಂಬಿಕೊಳ್ಳೋದು ಸಾಮಾನ್ಯವಾಗಿ ನಾವೇ. ಎಂಜಲು ಅನ್ನೋ ಮುಜುಗರ ಇದ್ದರೆ ಕೈ ಹಾಕುವ ಮೊದಲೇ ಅರ್ಧ ಎತ್ತಿಡಿ. ಬಾಯಿಗಿಟ್ಟ ಚಮಚ ತಾಗಿದ ಮೊಸರನ್ನ ನೀರಾಗುತ್ತೆ, ಯಾಕಂದ್ರೆ ಜೊಲ್ಲು ಪಿಷ್ಟವನ್ನು ಒಡೆಯುತ್ತೆ. ಹಿರಿಯರ ಎಂಜಲಿನ ಲೆಕ್ಕದಲ್ಲಿ ಅಷ್ಟಂತೂ ನಿಜ ಇದೆ.

ಇನ್ನು ತಂಗಳು. ಇಲ್ಲಿನ ಲೆಕ್ಕ: ಒಲೆಯಿಂದ ಇಳಿಸಿದ 2 ಗಂಟೆಯೊಳಗೆ ಫ್ರಿಜ್ಜಿಗೆ, ಬಿಸಿಲು 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ 1 ಗಂಟೆಯೊಳಗೆ. ಕಾರಲ್ಲಿಟ್ಟ ಪಾರ್ಸಲ್ಲಿಗೂ ಇದೇ. ಫ್ರಿಜ್ಜು 40 ಡಿಗ್ರಿ ಅಥವಾ ಕಮ್ಮಿ ಇರಲಿ. ಒಳಗೆ 3ರಿಂದ 4 ದಿನ, ಅಷ್ಟೇ. ಗುರುವಾರ ಬೇಕಾದದ್ದನ್ನು ಭಾನುವಾರವೇ ಫ್ರೀಜರಿಗೆ ಹಾಕಿಬಿಡಿ.

ಕೈಕೊಡೋದು ಸಾರಿಗಿಂತ ಅನ್ನ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಕುಕ್ಕರಿನ ಶಾಖಕ್ಕೂ ಉಳಿದುಕೊಳ್ಳಬಹುದು. ರಾತ್ರಿಯಿಡೀ ಉಗುರುಬೆಚ್ಚಗೆ ಬಿಟ್ಟರೆ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಬೆಳಿಗ್ಗೆ ಒಗ್ಗರಣೆಯಲ್ಲಿ ಹುರಿದರೂ ಹೋಗಲ್ಲ. ಹಾಗಾಗಿ ಕುಕ್ಕರಲ್ಲೇ ಬಿಟ್ಟ ಅನ್ನದ ಚಿತ್ರಾನ್ನ ಬೇಡ. ‘ಊರಲ್ಲಿ ಏನೂ ಆಗ್ತಿರಲಿಲ್ಲ’ ಅನ್ನೋದು ಅದೃಷ್ಟದ ಮಾತು. ಅಗಲದ ತಟ್ಟೆಯಲ್ಲಿ 2 ಇಂಚಿಗಿಂತ ದಪ್ಪ ಆಗದಂತೆ ಹರಡಿ, ಹಬೆ ಹೋದ ತಕ್ಷಣ ಒಳಗಿಡಿ, ಪೂರ್ತಿ ತಣಿಯೋವರೆಗೂ ಕಾಯಬೇಡಿ. ಬಿಸಿ ಮಾಡುವಾಗ 2 ಕಪ್ ಅನ್ನಕ್ಕೆ 2 ಚಮಚ ನೀರು ಚಿಮುಕಿಸಿ, ಮುಚ್ಚಿ, ಮೈಕ್ರೋವೇವಲ್ಲಿ 2 ನಿಮಿಷ. ಕೆದಕಿ ಇನ್ನೊಂದು ನಿಮಿಷ. ನಡುವಲ್ಲೂ 165 ಡಿಗ್ರಿ ಮುಟ್ಟಬೇಕು, ಅಂಚು ಸುಟ್ಟು ನಡುವೆ ತಣ್ಣಗಿರೋದೇ ಮಾಮೂಲಿ ತಪ್ಪು. ಸಾರನ್ನಂತೂ ಒಲೆ ಮೇಲೆ ಮಳ್ಳಿಸಿ.

ತಂಗಳು ವಾಸನೆಗೆ ಮದ್ದು: ಹುಳಿ, ಸಾರನ್ನು ಒಗ್ಗರಣೆ ಇಲ್ಲದೆ ಫ್ರೀಜ್ ಮಾಡಿ. ತಿನ್ನೋ ದಿನ ಸಾಸಿವೆ, ಇಂಗು, ಕರಿಬೇವು ಚಟಪಟ ಅನ್ನಿಸಿ ಮೇಲೆ ಸುರಿದರೆ ಅರ್ಧ ಅಸಹ್ಯ ಅಲ್ಲೇ ಹೋಗುತ್ತೆ. ಬೇಳೆ, ಕಾಳು, ಚಪಾತಿ ಫ್ರೀಜರಿಗೆ ಹೊಂದುತ್ತವೆ. ಆಲೂಗಡ್ಡೆ ಹಿಟ್ಟುಹಿಟ್ಟಾಗುತ್ತೆ, ಮಜ್ಜಿಗೆ ಹುಳಿ ಒಡೆಯುತ್ತೆ, ಕಾಯಿ ಚಟ್ನಿ ನೀರು ಬಿಡುತ್ತೆ.

ಪಾರ್ಸಲ್ ಡಬ್ಬಿಯ ತಳ ನೋಡಿ. ತ್ರಿಕೋನದೊಳಗೆ 5 ಇದ್ದು ಮೈಕ್ರೋವೇವ್ ಗುರುತೂ ಇದ್ದರೆ ಬಿಸಿಗೆ ತಡೆಯುತ್ತೆ. 6 ಅಂದರೆ ಥರ್ಮೋಕೋಲ್ ಜಾತಿ, ಬೇಡ. ತಂತಿ ಹಿಡಿಯ ಚೈನೀಸ್ ಕಾಗದದ ಡಬ್ಬಿ ಕಿಡಿ ಹಾರಿಸುತ್ತೆ. ಗಾಜಿನ ಬಟ್ಟಲಿಗೆ ಸುರಿದುಕೊಳ್ಳೋದೇ ವಾಸಿ. ಮಸಾಲೆ ದೋಸೆ ಪಾರ್ಸಲ್ ಮಾತ್ರ ದುಡ್ಡು ದಂಡ, ಹಬೆಗೆ ತೊಯ್ದು ಚರ್ಮ ಆಗಿರುತ್ತೆ. ವಡೆಯನ್ನು ಓವನ್ನಿನಲ್ಲಿ 350 ಡಿಗ್ರಿಗೆ ಆರೇಳು ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಡಬ್ಬಿ ಮೇಲೆ ಟೇಪ್ ಅಂಟಿಸಿ ತಾರೀಖಿನ ಜೊತೆ ಹೆಸರೂ ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಬಸ್ಸಾರು ಯಾವುದು, ಹುಳಿ ಯಾವುದು ಅಂತ ಗೊತ್ತಾಗಲ್ಲ.