ಶ್ರೀನಿವಾಸಪುರದಂಥ ಊರಿನಲ್ಲಿ ವಿದೇಶಿಯರು ಒಂದು ವರ್ಷ ವಾಸಿಸಲು ಏನು ತಿಳಿದಿರಬೇಕು?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬಾಡಿಗೆ ಮನೆ ಹಿಡಿಯಲಿರುವ ನಿಮ್ಮ ವಿದೇಶಿ ಗೆಳತಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಮೊದಲು ನೀರಿನ ವಿಷಯ ಹೇಳಿ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಹೆಚ್ಚಾಗಿ ಕೊಳವೆಬಾವಿಗಳನ್ನೇ ನಂಬಿದೆ. ಹಲವೆಡೆ ಆಳದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಕುಡಿಯುವುದಕ್ಕಷ್ಟೇ ಅಲ್ಲ, ಸಾರು, ಮುದ್ದೆ, ಅನ್ನಕ್ಕೂ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುವುದೇ ಕ್ಷೇಮ. ಮಕ್ಕಳಿದ್ದರಂತೂ ಇದರಲ್ಲಿ ರಾಜಿ ಬೇಡ, ಏಕೆಂದರೆ ಬೆಳೆಯುವ ಹಲ್ಲುಗಳಿಗೆ ಹೆಚ್ಚಿನ ಫ್ಲೋರೈಡ್‌ನಿಂದಾಗುವ ಹಾನಿ ಶಾಶ್ವತ.

ವೀಸಾ ಅವಧಿ 180 ದಿನಗಳನ್ನು ಮೀರಿದ್ದರೆ ಸಾಮಾನ್ಯವಾಗಿ ಬಂದ 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ ಆನ್‌ಲೈನ್ ಅರ್ಜಿ ಸಲ್ಲಿಸಬೇಕು. ಮನೆಯ ಮಾಲೀಕರೂ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು; ಸಣ್ಣ ಊರುಗಳಲ್ಲಿ ಈ ನಿಯಮ ಅನೇಕರಿಗೆ ತಿಳಿದಿರುವುದಿಲ್ಲವಾದ್ದರಿಂದ, ಮುಂಗಡ ಕೊಡುವ ಮುನ್ನವೇ ಅವರೊಂದಿಗೆ ಕುಳಿತು ಮಾತನಾಡುವುದು ಒಳ್ಳೆಯದು. ವಿದೇಶಿ ಪ್ರಜೆಗಳು ಕೃಷಿ ಜಮೀನು ಖರೀದಿಸುವಂತಿಲ್ಲ.

ಆಂಧ್ರದ ಗಡಿ ಹತ್ತಿರವಿರುವುದರಿಂದ ಮನೆಮನೆಗಳಲ್ಲಿ ತೆಲುಗು, ಕಚೇರಿ ಮತ್ತು ಶಾಲೆಗಳಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ಉರ್ದು ಸಹ ಕೇಳಿಬರುತ್ತದೆ. ಕನ್ನಡವನ್ನೇ ಮೊದಲು ಕಲಿಯಲಿ, ತೆಲುಗು ಮಾತನಾಡುವವರೂ ಸಲೀಸಾಗಿ ಕನ್ನಡದಲ್ಲೇ ಉತ್ತರಿಸುತ್ತಾರೆ. ಮೇ ತಿಂಗಳಿನಿಂದ ಜುಲೈವರೆಗೆ ಮಾವಿನ ಸುಗ್ಗಿಯಾದ್ದರಿಂದ ಊರು ಲಾರಿಗಳಿಂದಲೂ ಹೊರಗಿನ ವ್ಯಾಪಾರಿಗಳಿಂದಲೂ ತುಂಬಿರುತ್ತದೆ. ಮನೆ ಹುಡುಕುವುದನ್ನು ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಲಿ.