ದರ ಏರಲಿ, ಕೊಡುವವರು ಬೇರೆಯಾಗಲಿ

ಮೂರ್ನಾಡಿನ ನಿವೃತ್ತ ಟೀಚರೊಬ್ಬರು ಬರೆದ ಪತ್ರದ ಸಾರ ಇದು: "ಮಗ ಅಮೆರಿಕದ ಒಂದು ಸಣ್ಣ ಊರಲ್ಲಿದ್ದಾನೆ. ಅಲ್ಲಿ ವೀಲ್‌ಚೇರ್‌ನಲ್ಲಿ ಇರುವವರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನ್ ಸೇವೆ ನಷ್ಟದಲ್ಲಿದೆಯಂತೆ. ದರ ಏರಿಸಲು ಬಿಡಿ ಎಂದು ನಗರಸಭೆಯನ್ನು ಕೇಳಿದ್ದಾರೆ, ಅವರು ಯೋಚಿಸುತ್ತಿದ್ದಾರೆ ಅಂತ ಮಗ ಹೇಳಿದ. ಇದರಲ್ಲಿ ಯೋಚಿಸೋದೇನಿದೆ? ನಡೆಯಲಾಗದವರ ಹತ್ತಿರ ಜಾಸ್ತಿ ದುಡ್ಡು ಕೇಳೋದು ಯಾವ ನ್ಯಾಯ? ಇಲ್ಲಿ ನನ್ನ ಅಣ್ಣನನ್ನು ಡಯಾಲಿಸಿಸ್‌ಗೆ ಮಡಿಕೇರಿಗೆ ಕರೆದೊಯ್ಯುವಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ತೋಟದ ದಾರಿಯಲ್ಲಿ ಹೊತ್ತು ತಂದು ಜೀಪಿಗೆ ಹತ್ತಿಸುತ್ತೇವೆ. ನಮ್ಮಲ್ಲೂ ಅಂಥ ವ್ಯಾನ್ ಬರಬೇಕು, ಪೂರ್ತಿ ಉಚಿತ ಇರಬೇಕು ಅಂತ ನೀವು ಬರೆಯಿರಿ."

ಟೀಚರೇ, ನಮಸ್ಕಾರ.

ವ್ಯಾನ್ ಬರಬೇಕು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಆ ಊರಿನ ನಗರಸಭೆ ಒಂದೇ ಮಾತಲ್ಲಿ "ದರ ಏರಿಸಬೇಡಿ" ಎಂದರೆ ಏನಾಗುತ್ತದೆ ನೋಡಿ. ದರ ಹಾಗೇ ಉಳಿಯುತ್ತದೆ, ವ್ಯಾನ್ ಉಳಿಯುವುದಿಲ್ಲ. ಆಮೇಲೆ ಹಳೇ ದರ ಇಟ್ಟುಕೊಂಡು ಯಾರು ಏನು ಮಾಡಬೇಕು?

ಈ ಸೇವೆಗೆ ದುಡ್ಡು ಹೋಗುವುದು ಡೀಸೆಲ್‌ಗಿಂತ ಜಾಸ್ತಿ ಹೊತ್ತಿಗೆ. ಡ್ರೈವರ್ ಮನೆ ಬಾಗಿಲಿಗೆ ಬರಬೇಕು. ರ‍್ಯಾಂಪ್ ಇಳಿಸಬೇಕು, ಕುರ್ಚಿ ಹತ್ತಿಸಬೇಕು, ಅದರ ನಾಲ್ಕು ಮೂಲೆಗೂ ಪಟ್ಟಿ ಹಾಕಿ ನೆಲಕ್ಕೆ ಬಿಗಿಯಬೇಕು. ಕೂತವರ ಸೊಂಟಕ್ಕೂ ಹೆಗಲಿಗೂ ಬೇರೆ ಬೆಲ್ಟು. ಇಳಿಸುವಾಗ ಮತ್ತೆ ಅಷ್ಟೂ ಬಿಚ್ಚಬೇಕು. ಇಷ್ಟು ಹೊತ್ತೂ ಗಾಡಿ ಒಂದಡಿ ಮುಂದೆ ಹೋಗಿರುವುದಿಲ್ಲ. ಡಯಾಲಿಸಿಸ್ ನಾಲ್ಕು ಗಂಟೆಯ ಕೆಲಸ. ಅಷ್ಟು ಹೊತ್ತು ಕಾಯಬೇಕು, ಇಲ್ಲವೇ ಖಾಲಿ ವಾಪಸ್ ಹೋಗಿ ಖಾಲಿ ಬರಬೇಕು. ನಮ್ಮ ಜೀಪಿನವರು "ವಾಪಸ್ ಖಾಲಿ ಬರಬೇಕಲ್ವಾ" ಅಂತ ಅಪ್ ಆಂಡ್ ಡೌನ್ ಬಾಡಿಗೆ ಹೇಳುತ್ತಾರಲ್ಲ, ಲೆಕ್ಕ ಅದೇ. ಅಲ್ಲಿ ಸಾಮಾನ್ಯವಾಗಿ ಹತ್ತಿಸಿಕೊಳ್ಳಲು ಇಷ್ಟು, ಮೈಲಿಗೆ ಇಷ್ಟು ಎಂದು ದರ ಇರುತ್ತದೆ. ಹತ್ತಿಸಿಕೊಳ್ಳುವ ದರ ಹಳೇದಾದರೆ ಸೇವೆ ನಷ್ಟಕ್ಕೆ ಬೀಳದೆ ಏನಾಗುತ್ತದೆ?

ಹಾಗಂತ ದರ ಏರಿಸಿಬಿಟ್ಟರೆ ಮುಗಿಯಿತೇ? ಇಲ್ಲ. ಅಮೆರಿಕದಲ್ಲಿ ತೀರಾ ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವ್ಯವಸ್ಥೆ ಆಸ್ಪತ್ರೆಗೆ ಹೋಗಿಬರುವ ಖರ್ಚನ್ನೂ ನೋಡಿಕೊಳ್ಳುತ್ತದೆ. ಅದು ಎಷ್ಟು ಕೊಡಬೇಕು ಎಂಬುದನ್ನು ನಗರಸಭೆ ತೀರ್ಮಾನಿಸುವುದಿಲ್ಲ. 65 ದಾಟಿದವರ ಮೆಡಿಕೇರ್ ಸಾಮಾನ್ಯವಾಗಿ ವೀಲ್‌ಚೇರ್ ವ್ಯಾನಿಗೆ ದುಡ್ಡು ಕೊಡುವುದಿಲ್ಲ. ಅಂದರೆ ನಗರಸಭೆ ಏರಿಸುವ ದರದ ಪೆಟ್ಟು ಯಾರಿಗೆ? ಬಡವರ ಪಟ್ಟಿಗೆ ಸೇರದ, ಕೈಯಲ್ಲಿ ದುಡ್ಡೂ ಇಲ್ಲದ ಮುದುಕರಿಗೆ. ಅವರು ವಾರಕ್ಕೆ ಮೂರು ಸಲ ಹೋಗಲೇಬೇಕಾದ ಜಾಗಕ್ಕೆ ಎರಡು ಸಲ ಹೋಗುತ್ತಾರೆ. ನಿಮ್ಮ ಸಿಟ್ಟು ನ್ಯಾಯವಾದದ್ದು ಇಲ್ಲಿ.

ಅದೇ ದೇಶದಲ್ಲಿ 1990ರ ಅಂಗವಿಕಲರ ಕಾಯ್ದೆ ಇದೆ. ಊರಿನ ಬಸ್ ಸಂಸ್ಥೆ ಬಸ್ ಹತ್ತಲಾಗದವರಿಗೆ ಬೇರೆ ಗಾಡಿ ಕೊಡಲೇಬೇಕು, ಬಸ್ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಉಳಿದ ಖರ್ಚು ಸಂಸ್ಥೆಯದ್ದು. ಖಾಸಗಿ ವ್ಯಾನಿಗೆ ಈ ಮಿತಿ ಇಲ್ಲ, ಹಾಗಾಗಿ ಆಸರೆಯೂ ಇಲ್ಲ.

ಗಾಡಿಗೆ ಸಿಗಬೇಕಾದ ದರ ಒಂದು, ಕೂತವರು ಕೊಡಬೇಕಾದ ದುಡ್ಡು ಇನ್ನೊಂದು. ಇದು ನಮಗೆ ಹೊಸದೇನಲ್ಲ. 2025ರ ಜನವರಿ 5ರಿಂದ ನಮ್ಮ ಬಸ್ ದರ ಶೇ 15 ಏರಿತು. ಶಕ್ತಿ ಯೋಜನೆಯಲ್ಲಿ ಹೋಗುವ ಹೆಂಗಸರಿಗೆ ಏನಾದರೂ ಗೊತ್ತಾಯಿತೇ? ಅವರ ಟಿಕೆಟ್ ಆಗಲೂ ಸೊನ್ನೆ, ಈಗಲೂ ಸೊನ್ನೆ. ಆ ಟಿಕೆಟಿನ ದುಡ್ಡನ್ನು ಸಂಸ್ಥೆಗೆ ಕೊಡಬೇಕಾದ್ದು ಸರ್ಕಾರ.

ನಿಮ್ಮ ಅಣ್ಣನಿಗೆ ಮಾತ್ರ ಇದು ಯಾವುದೂ ಸಿಗುತ್ತಿಲ್ಲ. ಅಂಗವಿಕಲರಿಗೆ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಇದೆ, ಮನೆಯಿಂದ 100 ಕಿ.ಮೀ. ಓಡಾಡಬಹುದು. ಆದರೆ ಬಸ್ಸಿನ ಮೊದಲ ಮೆಟ್ಟಿಲೇ ಅಷ್ಟು ಎತ್ತರ. ಹತ್ತಲಾಗದವರಿಗೆ ಪಾಸ್ ಕೊಟ್ಟು ಏನು ಪ್ರಯೋಜನ? 108 ಇರುವುದು ತುರ್ತಿಗೆ, ವಾರ ವಾರದ ಡಯಾಲಿಸಿಸ್‌ಗಲ್ಲ. ರೈಲಿನ ಮಾತು ಬಿಡಿ, ಕೊಡಗಿನಲ್ಲಿ ಹಳಿಯೇ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ, ಕೈಗೆಟುಕುವ ಖರ್ಚಿನಲ್ಲಿ ಓಡಾಡಲು ಸರ್ಕಾರ ಯೋಜನೆ ಮಾಡಬೇಕು ಎನ್ನುತ್ತದೆ. ದುಡ್ಡಿಗೂ ದಾರಿ ಇದೆ. ನಗರಸಭೆಯಾಗಲಿ ಗ್ರಾಮ ಪಂಚಾಯಿತಿಯಾಗಲಿ ತನ್ನ ಸ್ವಂತ ಆದಾಯದಲ್ಲಿ ಶೇ 5ನ್ನು ಅಂಗವಿಕಲರಿಗೆ ಎತ್ತಿಡಬೇಕು. ಅದರಲ್ಲಿ ವೀಲ್‌ಚೇರ್ ಹಂಚುವ ಸಮಾರಂಭದ ಫೋಟೊಗಳು ನಮಗೆ ಬರುತ್ತವೆ, ಹಾಕುತ್ತೇವೆ. ಕುರ್ಚಿ ಬೇಕು, ನಿಜ. ಆದರೆ ಜೂನ್‌ನ ಮಳೆಯಲ್ಲಿ ತೋಟದ ಮನೆಯಿಂದ ರಸ್ತೆಗೆ ಆ ಕುರ್ಚಿ ಉರುಳುತ್ತದೆಯೇ? ಅಲ್ಲಿಂದ ಮುಂದೆ ಯಾವ ಗಾಡಿ? ಒಂದು ಪಂಚಾಯಿತಿಯ ಶೇ 5 ಸಣ್ಣ ಮೊತ್ತ ಅಂತ ನನಗೂ ಗೊತ್ತು. ಮಡಿಕೇರಿ ನಗರಸಭೆಯೂ ಸುತ್ತಲಿನ ಪಂಚಾಯಿತಿಗಳೂ ಕೂಡಿ ಒಂದು ವ್ಯಾನಿನ ಖರ್ಚು ಹಂಚಿಕೊಳ್ಳಬಹುದಲ್ವಾ?

ಪೂರ್ತಿ ಉಚಿತ ಎಂದರೆ ನನ್ನ ತಕರಾರಿಲ್ಲ. ನನ್ನ ಹೆದರಿಕೆ ಬೇರೆ. ಉಚಿತ ಅಂತ ವೇದಿಕೆಯಲ್ಲಿ ಹೇಳಿ, ಓಡಿಸುವವನ ಬಿಲ್ಲನ್ನು ತಿಂಗಳುಗಟ್ಟಲೆ ಮೇಜಿನ ಮೇಲೆ ಇಟ್ಟರೆ, ವ್ಯಾನ್ ಶೆಡ್ಡಲ್ಲೇ ನಿಲ್ಲುತ್ತದೆ. ಅದಕ್ಕಿಂತ ವೇಟಿಂಗೂ ಖಾಲಿ ಓಟವೂ ಸೇರಿದ ಸರಿಯಾದ ದರ ಕಟ್ಟಿ, ಅಣ್ಣನಿಂದ ಬಸ್ ಟಿಕೆಟ್ಟಿನಷ್ಟು ತೆಗೆದುಕೊಂಡು, ಉಳಿದದ್ದನ್ನು ತಿಂಗಳು ತಿಂಗಳು ಕೊಡುವುದು ವಾಸಿ. ಇಲ್ಲಿ ಆಟೊ ದರ ನೋಡುವುದು ನಗರಸಭೆಯಲ್ಲ, ಜಿಲ್ಲಾಧಿಕಾರಿ ಅಧ್ಯಕ್ಷರಾದ ಸಾರಿಗೆ ಪ್ರಾಧಿಕಾರ. ಅರ್ಜಿಯ ಒಂದು ಪ್ರತಿ ಅಲ್ಲಿಗೂ ಹೋಗಬೇಕು.

ನಿಮ್ಮ ಮಗ ಅಲ್ಲಿನ ಸಭೆಗೆ ಹೋಗುವುದಾದರೆ ಎರಡು ಮಾತು ಕೇಳಲಿ. ವ್ಯಾನ್ ಹತ್ತುವವರಲ್ಲಿ ಸ್ವಂತ ದುಡ್ಡು ಕೊಡುವವರು ಎಷ್ಟು ಜನ? ಏರಿಕೆಯ ಭಾಗವನ್ನು ಅವರ ಪರವಾಗಿ ಊರೇ ಕೊಟ್ಟರೆ ಎಷ್ಟಾಗುತ್ತದೆ? ಇನ್ನೊಂದು, ಮೈಲಿ ದರಕ್ಕೆ ಕೈ ಹಾಕಬೇಡಿ ಎನ್ನಲಿ. ದೂರದ ಮನೆಯವರೇ ಅದರಲ್ಲಿ ಜಾಸ್ತಿ ಸೋಲುವುದು.

ನೀವು ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಅಣ್ಣನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿಲ್ಲವಾದರೆ ಮೊದಲು ಅದನ್ನು ಮಾಡಿಸಿ. 2016ರ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಿಡ್ನಿ ಕಾಯಿಲೆ ಇಲ್ಲ, ಚಲನೆಯ ತೊಂದರೆ ಇದೆ. ಡಾಕ್ಟರ ಬಳಿ ಅದನ್ನೇ ಬಿಡಿಸಿ ಹೇಳಿ. ಅರ್ಜಿಯ ನಕಲನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂ.