ಬೆಟ್ಟದ ನೆತ್ತಿಯ ಬಿರುಗಾಳಿಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ ಎತ್ತರದ ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ 1934ರಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಯಿತೆಂದು ಓದಿದೆ. ಅಂಥ ಗಾಳಿಗೆ ಉಪಕರಣವೇ ಕಿತ್ತುಹೋಗುವುದಿಲ್ಲವೇ? ಆ ಅಂಕಿಯನ್ನು ನಂಬಬಹುದೇ? ಕೈಯಲ್ಲಿ ಹಿಡಿಯುವ ಗಾಳಿಮಾಪಕದಿಂದ ನಾವು ಗಿರಿಯ ಮೇಲೆ ಅಳೆದದ್ದನ್ನು ಇದರೊಂದಿಗೆ ಹೋಲಿಸಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಂಬಬಹುದು. ಆದರೆ ಆ ಅಂಕಿ ಯಾವುದರ ಅಳತೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಗಾಳಿ ಎಂದೂ ಒಂದೇ ಹದದಲ್ಲಿ ಬೀಸುವುದಿಲ್ಲ. ವಿಶ್ವ ಹವಾಮಾನ ಸಂಸ್ಥೆಯ ಈಗಿನ ಕ್ರಮದಂತೆ ಗಾಳಿಯ ವೇಗವೆಂದರೆ ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದ 10 ನಿಮಿಷಗಳ ಸರಾಸರಿ. ಹವಾಮಾನ ತಜ್ಞರು ಗಸ್ಟ್ ಎನ್ನುವ ರಭಸದ ಬೀಸು ಎಂದರೆ ಅದೇ ಅವಧಿಯೊಳಗಿನ 3 ಸೆಕೆಂಡುಗಳ ಸರಾಸರಿಗಳಲ್ಲಿ ಅತಿ ಹೆಚ್ಚಿನದು. ಸರಾಸರಿಯ ಅವಧಿ ಕಿರಿದಾದಷ್ಟೂ ಗರಿಷ್ಠ ಅಂಕಿ ಹಿರಿದಾಗುತ್ತದೆ. ಆದ್ದರಿಂದ ಎಷ್ಟು ಸೆಕೆಂಡುಗಳ ಲೆಕ್ಕವೆಂದು ಕೇಳದೆ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ತರವಲ್ಲ. ಪತ್ರಿಕೆಗಳ ಸುದ್ದಿಯಲ್ಲಿ ಮೊದಲು ಬಿಟ್ಟುಹೋಗುವುದೇ ಈ ವಿವರ.

ಇನ್ನು 1934ರ ಏಪ್ರಿಲ್ 12ರ ಸಂಗತಿ. ಮೌಂಟ್ ವಾಷಿಂಗ್ಟನ್ನಿನ ನೆತ್ತಿಯಲ್ಲಿ (1,917 ಮೀಟರ್) ಗಾಳಿಗಿಂತ ದೊಡ್ಡ ಶತ್ರುವೆಂದರೆ ಮಂಜುಗಡ್ಡೆ. ಶೂನ್ಯಕ್ಕಿಂತ ತಣ್ಣಗಿದ್ದರೂ ಹೆಪ್ಪುಗಟ್ಟದೆ ಉಳಿದ ಮೋಡದ ಹನಿಗಳು ಯಾವುದಕ್ಕೆ ತಗುಲಿದರೂ ಅಲ್ಲೇ ಗಡ್ಡೆಯಾಗುತ್ತವೆ. ಹೀಗೆ ಗಡ್ಡೆ ಹಿಡಿದ ಮಾಪಕ ನಿಧಾನವಾಗಿ ತಿರುಗಿ ನಿಜಕ್ಕಿಂತ ಕಡಿಮೆ ವೇಗವನ್ನು ತೋರಿಸುತ್ತದೆ. ಅಲ್ಲಿನ ವೀಕ್ಷಣಾಲಯ ಬಿಸಿ ಮಾಡಬಲ್ಲ ಮಾಪಕವನ್ನೇ ಅಳವಡಿಸಿಕೊಂಡಿತ್ತು. ಅಷ್ಟಾದರೂ ಆ ದಿನ ನಸುಕಿನಲ್ಲಿ ಎದ್ದ ವೆಂಡೆಲ್ ಸ್ಟೀಫನ್ಸನ್ ಎಂಬ ವೀಕ್ಷಕರಿಗೆ, ಉಪಕರಣ ತೋರುತ್ತಿದ್ದ 105 ಮೈಲಿಗೂ ಹೊರಗಿನ ಸದ್ದಿಗೂ ತಾಳೆಯಾಗಲಿಲ್ಲ. ಅವರು ಹೊರಗೆ ಹತ್ತಿ ಹೋಗಿ, ದೊಣ್ಣೆಯಿಂದ ಗಡ್ಡೆಯನ್ನು ಒಡೆದು ಬಂದರು. ದಾಖಲೆ ಉಳಿದದ್ದು ಆ ದೊಣ್ಣೆಯಿಂದ ಎಂದರೂ ತಪ್ಪಾಗದು. ಮಧ್ಯಾಹ್ನ 1 ಗಂಟೆ 21 ನಿಮಿಷಕ್ಕೆ, ಅಲ್ಲಿನ ಇನ್ನೊಬ್ಬ ವೀಕ್ಷಕ ಸಾಲ್ವತೋರ್ ಪಾಲ್ಯೂಕಾ, ಮಾಪಕ ಕಳಿಸುತ್ತಿದ್ದ ಟಿಕ್ ಟಿಕ್ ಸದ್ದುಗಳ ನಡುವಿನ ಅಂತರವನ್ನು ಸ್ಟಾಪ್‌ವಾಚಿನಲ್ಲಿ ಹಿಡಿದು, ಉಪಕರಣದ ತಿದ್ದುಪಡಿ ರೇಖೆಗೆ (ಮಾಪಕದ ಎಣಿಕೆಯನ್ನು ನಿಜವಾದ ವೇಗಕ್ಕೆ ಬದಲಿಸುವ ನಕ್ಷೆಗೆ) ಹೊಂದಿಸಿ, ಗಂಟೆಗೆ 231 ಮೈಲಿ (372 ಕಿ.ಮೀ.) ಎಂದು ಬರೆದುಕೊಂಡರು. ಅವರು ತಮ್ಮ ಸಮಯಪಾಲನೆ, ವಿಧಾನ, ಗಡಿಯಾರ ಎಲ್ಲವನ್ನೂ ತಾವೇ ಮೊದಲು ಸಂದೇಹಿಸಿ ದಿನಚರಿಯಲ್ಲಿ ದಾಖಲಿಸಿದ್ದಾರೆ. ಬಳಿಕ ಅಮೆರಿಕದ ಹವಾಮಾನ ಇಲಾಖೆಯ ಪರೀಕ್ಷೆಗಳಲ್ಲೂ ಆ ಅಂಕಿ ನಿಂತಿತು.

ಉಪಕರಣ ಕಿತ್ತುಹೋಗುವ ಭಯ ಸಹಜವಾದದ್ದೇ. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅಂಥ ಗಾಳಿಗೆ ಎದುರಾದ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಅರ್ಧ ಟನ್ ಭಾರ ಬೀಳುತ್ತದೆ. ಬಟ್ಟಲುಗಳಿರುವ ಸಾಮಾನ್ಯ ಮಾಪಕಕ್ಕೆ ಇನ್ನೊಂದು ದೋಷವಿದೆ: ಗಾಳಿ ಏರಿದಾಗ ಬೇಗ ವೇಗ ಪಡೆದು, ಇಳಿದಾಗ ತಡವಾಗಿ ನಿಧಾನಗೊಳ್ಳುವುದರಿಂದ ಅದರ ಸರಾಸರಿ ತುಸು ಹೆಚ್ಚಾಗುತ್ತದೆ. ಮೌಂಟ್ ವಾಷಿಂಗ್ಟನ್ನಿನಲ್ಲಿ ಈಗ ಬಳಸುವುದು, ವಿಮಾನಗಳಲ್ಲಿರುವಂಥ, ಬಿಸಿ ಮಾಡಿದ ಪಿಟೊ ನಳಿಕೆಯನ್ನು. ಗಾಳಿಗೆ ಮುಖ ಮಾಡಿದ ರಂಧ್ರದ ಒತ್ತಡಕ್ಕೂ ಸುತ್ತಲಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ ಅದು ವೇಗವನ್ನು ಲೆಕ್ಕ ಹಾಕುತ್ತದೆ. ಇಲ್ಲಿ ಎತ್ತರವನ್ನು ಮರೆಯುವಂತಿಲ್ಲ: ಗಾಳಿಯ ಸಾಂದ್ರತೆ ಶೇ 20ರಷ್ಟು ಕಡಿಮೆ ಇರುವೆಡೆ ತಿದ್ದುಪಡಿ ಮಾಡದಿದ್ದರೆ, ವೇಗ ಶೇ 10ರಷ್ಟು ಕಡಿಮೆಯಾಗಿ ಕಾಣುತ್ತದೆ. ಶಬ್ದತರಂಗದಿಂದ ಅಳೆಯುವ ಮಾಪಕಗಳಲ್ಲಿ ತಿರುಗುವ ಭಾಗಗಳೇ ಇಲ್ಲ; ಆದರೆ ಸಂವೇದಕಗಳ ಮೇಲೆ ನೀರು, ಗಡ್ಡೆ ಕೂತರೆ ಅವು ಇಲ್ಲದ ಬೀಸುಗಳನ್ನು ತೋರಿಸಬಹುದು.

ಇಂಥ ಹುಸಿ ಅಂಕಿಗಳ ಅಂಜಿಕೆಯಿಂದಲೇ ದಾಖಲೆಗಳಿಗೆ ಮನ್ನಣೆ ತಡವಾಗುತ್ತದೆ. 1996ರ ಏಪ್ರಿಲ್ 10ರಂದು ಒಲಿವಿಯಾ ಚಂಡಮಾರುತದಲ್ಲಿ ಆಸ್ಟ್ರೇಲಿಯಾದ ಬ್ಯಾರೊ ದ್ವೀಪದಲ್ಲಿ 408 ಕಿ.ಮೀ. ವೇಗದ ಬೀಸು ದಾಖಲಾಗಿ ಮೌಂಟ್ ವಾಷಿಂಗ್ಟನ್ನನ್ನು ಹಿಂದಿಕ್ಕಿತು. ಅದು ಆಗಿನ ಸರಾಸರಿ ಗಾಳಿಯ ಎರಡು ಪಟ್ಟಿಗೂ ಹೆಚ್ಚಾಗಿದ್ದುದರಿಂದ ಅನುಮಾನ ಹುಟ್ಟಿತ್ತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಒಪ್ಪಿದ್ದು 2010ರಲ್ಲಿ.

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದರೂ ಎತ್ತರವೊಂದೇ ಇಂಥ ಗಾಳಿಯನ್ನು ತರುವುದಿಲ್ಲ. ಮೌಂಟ್ ವಾಷಿಂಗ್ಟನ್ ಹಲವು ಚಂಡಮಾರುತಗಳ ಹಾದಿಗಳು ಕೂಡುವಲ್ಲಿದೆ. ಗಾಳಿಗೆ ಅಡ್ಡವಾಗಿ ನಿಂತ ಅದರ ಶ್ರೇಣಿಯ ಮೇಲೆ ಗಾಳಿ ಇಕ್ಕಟ್ಟಿಗೆ ಸಿಕ್ಕು ವೇಗ ಪಡೆಯುತ್ತದೆ. ನಮ್ಮಲ್ಲಿ ನೈಋತ್ಯ ಮುಂಗಾರಿನ ಪ್ರಬಲ ಗಾಳಿಪ್ರವಾಹ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಹರಿಯುತ್ತದೆ, ಅರಬ್ಬಿ ಸಮುದ್ರದ ಮೇಲೆ ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 20 ಮೀಟರ್, ಅಂದರೆ ಗಂಟೆಗೆ 54ರಿಂದ 72 ಕಿ.ಮೀ. ಗಿರಿಯ ನೆತ್ತಿಯಲ್ಲಿ ನಿಲ್ಲಲು ಕಷ್ಟವಾಗುವುದಕ್ಕೆ ಅಷ್ಟೇ ಸಾಕು.

ನಿಮ್ಮ ಕೈಮಾಪಕದ ಅಂಕಿಯನ್ನು 372ರೊಂದಿಗೆ ಹೋಲಿಸಲಾಗದು. ಅದು ಎದೆಯ ಎತ್ತರದಲ್ಲಿರುತ್ತದೆ, ನಿಮ್ಮ ಮೈಯೇ ಗಾಳಿಗೆ ಅಡ್ಡವಾಗುತ್ತದೆ, ದೇವಸ್ಥಾನದ ಗೋಡೆಯ ಅಂಚಿನಲ್ಲಿ ನಿಂತರೆ ಸುಳಿಗಳೂ ಸೇರಿಕೊಳ್ಳುತ್ತವೆ. ಆದರೂ ಅಳೆಯಿರಿ: ಕಟ್ಟಡದಿಂದ ದೂರದ ಒಂದೇ ಜಾಗದಲ್ಲಿ, ತೋಳು ಚಾಚಿ, ಪ್ರತಿ ಸಲ 10 ನಿಮಿಷ ಹಿಡಿದು ಸರಾಸರಿ, ಗರಿಷ್ಠ ಎರಡನ್ನೂ ಬರೆದಿಟ್ಟರೆ, ಗಿರಿಯ ಜೂನ್ ಗಾಳಿಯನ್ನು ಅದರದೇ ಆಗಸ್ಟ್ ಗಾಳಿಯೊಂದಿಗಾದರೂ ಹೋಲಿಸಬಹುದು. ಸಿಡಿಲಿನ ಮೋಡವಿದ್ದಾಗ ಮಾತ್ರ ಹೋಗಬೇಡಿ.